ಚೊಗರಿನ ಬಣ್ಣ, ಸರ್ಕಾರದ ಅನುದಾನ ಮತ್ತು ನಮ್ಮ ಮಹಡಿ ಕೋಣೆ

(ಸಂಘದ ರಜತ ಮಹೋತ್ಸವದ ಸದಸ್ಯರ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಗೋಷ್ಠಿಯಲ್ಲಿ ನಮಗೆ ಕೊಟ್ಟಿರುವ ವಿಷಯ ‘ಸುಸ್ಥಿರ ಉಡುಪು ಮತ್ತು ಸ್ಥಳೀಯ ವಿನ್ಯಾಸಕರಿಗೆ ಅನುದಾನ’ ಎಂದು. ಆಮಂತ್ರಣ ಪತ್ರಿಕೆ ಓದಿದ ಒಬ್ಬ ಹಿರಿಯ ಸದಸ್ಯರು ಡೇರಿ ಕಟ್ಟೆಯ ಮೇಲೇ ಕೇಳಿದರು, “ಎಂಥ ಮಾರಾಯ, ಹಾಲಿನ ಸಂಘದವರು ಇನ್ನು ಅಂಗಿ ಹೊಲಿಸೋಕೆ ಹೊರಟ್ರಾ?” ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಫ್ಯಾಷನ್ನಿಗೂ ನಮಗೂ ಇರುವ ಸಂಬಂಧ ಹಬ್ಬಕ್ಕೆ ಒಂದು ಪಂಚೆ ಕೊಳ್ಳುವಷ್ಟೇ. ಆದರೂ ಈ ವಿಷಯ ನಮ್ಮ ಸಂಘದ ಬಾಗಿಲಿಗೇ ಬಂದು ನಿಂತಿದೆ, ಅದಕ್ಕೆ ಮಾತಾಡಬೇಕಾಗಿದೆ.

ಸಂಗತಿ ತಮಗೆಲ್ಲ ಅಲ್ಪಸ್ವಲ್ಪ ಗೊತ್ತಿರುವುದೇ. ನಮ್ಮ ಸದಸ್ಯರೊಬ್ಬರ ಮಗಳು ಬೆಂಗಳೂರಿನಲ್ಲಿ ವಸ್ತ್ರ ವಿನ್ಯಾಸ ಕಲಿತು, ಅಲ್ಲೇ ಗಾರ್ಮೆಂಟ್ಸ್ ಕಂಪನಿಯಲ್ಲಿ ಕೆಲಸದಲ್ಲಿದ್ದವಳು, 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಇಲ್ಲೇ ಉಳಿದಳು. ಉತ್ತರ ಕರ್ನಾಟಕದ ನೇಕಾರರಿಂದ ಕೈಮಗ್ಗದ ಬಿಳಿ ಬಟ್ಟೆ ತರಿಸಿ, ಬಚ್ಚಲ ಒಲೆಯ ಮೇಲೆ ಚೊಗರು ಕಾಸಿ ಅದಕ್ಕೆ ಬಣ್ಣ ಹಾಕಲು ಶುರುಮಾಡಿದಳು. ಈಗ ಊರಿನ ಹನ್ನೊಂದು ಜನ ಹೆಂಗಸರು ಅವಳ ಜೊತೆ ಬಣ್ಣ ಹಾಕುವುದು, ಹೊಲಿಯುವುದು ಮಾಡುತ್ತಾರೆ. ಅನುದಾನಕ್ಕೆ ಅರ್ಜಿ ಹಾಕಬೇಕಾದರೆ ಖಾಯಂ ಜಾಗ ಬೇಕು. ಹಾಗಾಗಿ ನಮ್ಮ ಸಂಘದ ಮಹಡಿ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಿದ್ದಾಳೆ. ಆಡಳಿತ ಮಂಡಳಿಯಲ್ಲಿ ಒಮ್ಮತ ಬರಲಿಲ್ಲ. ವಿಷಯ ಮಹಾಸಭೆಗೆ ಬರುತ್ತದೆ. ಅಲ್ಲಿ ಕೈ ಎತ್ತುವವರು ತಾವು.

ಮುಚ್ಚುಮರೆ ಬೇಡ, ಮೊದಲ ಸಭೆಯಲ್ಲಿ ಬೇಡ ಅಂದವರಲ್ಲಿ ನಾವೂ ಒಬ್ಬರು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಮೊದಲು ಈ ‘ಸುಸ್ಥಿರ’ ಅನ್ನುವ ಮಾತು. ನಮಗೆ ಅರ್ಥವಾದಷ್ಟು ಹೇಳುವುದಾದರೆ, ಬಾಳಿಕೆ ಬರುವ ಬಟ್ಟೆ, ಹರಿದ ಮೇಲೆ ಮಣ್ಣಿಗೆ ಸೇರುವ ಬಟ್ಟೆ, ಮಾಡಿದವರ ಹೊಟ್ಟೆ ತುಂಬಿಸುವ ಬಟ್ಟೆ. ಈಗ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಅಂಗಿಯಲ್ಲಿ ಹೆಚ್ಚಿನದು ಪಾಲಿಯೆಸ್ಟರ್. ಅದು ಪೆಟ್ರೋಲಿಯಂನಿಂದ ತೆಗೆದ ಪ್ಲಾಸ್ಟಿಕ್ಕಿನ ದಾರ. ಒಗೆದಾಗೆಲ್ಲ ಅದರ ಸಣ್ಣ ಎಳೆಗಳು ನೀರಿಗೆ ಹೋಗುತ್ತವೆ, ಕರಗುವುದಿಲ್ಲ. ಅಗ್ಗದ ಬಟ್ಟೆಗೆ ಬೇರೆ ಕಡೆ ಬೆಲೆ ಕಟ್ಟುವವರೂ ಇದ್ದಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಹತ್ತಿರ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿಯಿತು. ಅದರೊಳಗೆ ಬಟ್ಟೆ ಹೊಲಿಯುವ ಕಾರ್ಖಾನೆಗಳಿದ್ದವು. 1,100ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಜನ ಹೆಣ್ಣುಮಕ್ಕಳು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು, ಆದರೂ ಕೆಲಸಕ್ಕೆ ಕರೆಸಿದ್ದರು. ನಾವು ತೊಡುವ ಬಟ್ಟೆ ಯಾರು ಮಾಡಿದ್ದು ಅಂತ ಕೇಳುವ ಅಭ್ಯಾಸ ಆಮೇಲೆ ಪ್ರಪಂಚದಲ್ಲಿ ಹೆಚ್ಚಾಯಿತು. ಆ ಕೇಳುವವರೇ ಈಗ ಕೈಮಗ್ಗ, ನೈಸರ್ಗಿಕ ಬಣ್ಣ ಅಂತ ಹುಡುಕಿಕೊಂಡು ಬರುವ ಗಿರಾಕಿಗಳು.

ಇನ್ನು ಚೊಗರು. ನಮ್ಮಲ್ಲಿ ಕೆಲವರು ತೊಗರು ಅನ್ನುತ್ತಾರೆ, ಎರಡೂ ಒಂದೇ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ರಸ. ಬೇಯಿಸಿದಷ್ಟೂ ಗಟ್ಟಿಯಾಗುತ್ತದೆ. ಅದಕ್ಕೆ ಎಂಥ ಬಣ್ಣ ಇದೆ ಅಂತ ನಮಗೆ ಯಾವ ವಿಜ್ಞಾನಿಯೂ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಉಟ್ಟ ಪಂಚೆಯನ್ನು ನಮ್ಮ ಮನೆಯವರು ಎಷ್ಟು ಸಲ ಕಲ್ಲಿಗೆ ಬಡಿದರೂ ಕಲೆ ಹೋಗಿಲ್ಲ, ಪಂಚೆ ಹೋಗಿದೆ. ಅಡಿಕೆಯಲ್ಲಿರುವ ಒಗರಿನ ಅಂಶ ಹತ್ತಿ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಬಟ್ಟೆಗೆ ಮೊದಲೇ ಪಟಿಕ ಹಾಕಿ ಹದ ಮಾಡಿದರೆ ಬಣ್ಣ ಇನ್ನೂ ಭದ್ರ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ಕೊಳೆಸಿಟ್ಟು, ಆ ನೀರಿಗೆ ಅದ್ದಿದರೆ ಅದೇ ಬಟ್ಟೆ ಬೂದು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ದಾಳಿಂಬೆ ಸಿಪ್ಪೆ ಹಳದಿ ಕೊಡುತ್ತದೆ, ಅಳಲೆಕಾಯಿ ಬಣ್ಣ ಹಿಡಿಸಲು ಬೇಕು, ನೀಲಿಗೆ ನೀಲಿ ಗಿಡವೇ ಆಗಬೇಕು. ಇಷ್ಟನ್ನೂ ಆ ಹೆಣ್ಣುಮಗಳು ನಮಗೆ ತೋರಿಸಿದ್ದು. ನಾಲ್ಕು ಬಟ್ಟೆ ಚೂರು ಒಂದೇ ಚೊಗರಿಗೆ ಅದ್ದಿ, ನಾಲ್ಕು ಬಣ್ಣ ತೆಗೆದು ಡೇರಿ ಮೇಜಿನ ಮೇಲೆ ಇಟ್ಟಳು. ನಮ್ಮ ಕಾರ್ಯದರ್ಶಿಯವರು ಅದರಲ್ಲಿ ಒಂದನ್ನು ಫ್ಯಾಟ್ ಯಂತ್ರದ ಮೇಲೆ ಹೊದಿಸಿದ್ದಾರೆ, ಹೋಗಿ ನೋಡಬಹುದು. ಆರು ತಿಂಗಳಾಯಿತು, ಒಗೆದು ಒಗೆದು ಬಳಸಿದ್ದಾರೆ.

ಸರಿ, ನಾವು ಬೇಡ ಅಂದಿದ್ದು ಯಾಕೆ?

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ನಮ್ಮೂರಿಗೆ ಒಂದು ಅನುದಾನದ ಯೋಜನೆ ಬಂತು. ಯಾವ ಇಲಾಖೆ, ಯಾವ ಸಂಸ್ಥೆ ಅನ್ನುವುದು ಈಗ ಬೇಡ, ಆ ಜನ ಎಲ್ಲೆಲ್ಲೋ ಹೋಗಿದ್ದಾರೆ. ಶಾಲೆ ಪಕ್ಕದ ಹಳೇ ಕಟ್ಟಡದಲ್ಲಿ ಏಳು ಮಗ್ಗ ಹಾಕಿದರು. ಹೆಂಗಸರಿಗೆ ಆರು ತಿಂಗಳ ತರಬೇತಿ, ದಿನಭತ್ಯೆ. ನಮ್ಮ ಮನೆಯವರೂ ಸೇರಿದರು. ಪಟ್ಟಣದಿಂದ ಒಬ್ಬ ವಿನ್ಯಾಸಕರು ತಿಂಗಳಿಗೊಮ್ಮೆ ಬಂದು, ಚಿತ್ರ ಬರೆದು ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಅವರ ಬಗ್ಗೆ ನಮಗೆ ಸಿಟ್ಟಿಲ್ಲ, ಅವರಿಗೆ ಕರಾರು ಇದ್ದದ್ದೇ ಅಷ್ಟು. ಚಿತ್ರ ಚೆಂದ ಇತ್ತು, ಆದರೆ ಅದನ್ನು ನೇಯಲು ಹೊಸಬರ ಕೈಗೆ ಆಗುತ್ತಿರಲಿಲ್ಲ. ಬಣ್ಣ ಆತುರದಲ್ಲಿ ಹಾಕಿದ್ದರಿಂದ ಎರಡು ಒಗೆತಕ್ಕೆ ಬಿಟ್ಟಿತು. ಮೊದಲ ಕಂತಿನ ಹಣ ಬಂತು, ಎರಡನೇ ಕಂತಿಗೆ ಬಳಕೆ ಪ್ರಮಾಣಪತ್ರ ಬೇಕು ಅಂದರು. ಅದನ್ನು ಕೊಟ್ಟ ಮೇಲೂ ಹಣ ಬಂದಿದ್ದು ಒಂದೂವರೆ ವರ್ಷ ತಡವಾಗಿ. ಅಷ್ಟರಲ್ಲಿ ನೂಲಿನ ಅಂಗಡಿಯವರ ಸಾಲ ಬೆಳೆದಿತ್ತು. ಆ ಸಾಲಕ್ಕೆ ಊರ ಸಮಿತಿಯ ಪರವಾಗಿ ರುಜು ಹಾಕಿದ್ದು ನಾವು. ಆ ವರ್ಷದ ಅಡಿಕೆಯಲ್ಲಿ ಎರಡು ಚೀಲದ ದುಡ್ಡು ಹಾಗೇ ಹೋಯಿತು. ದುಡ್ಡು ಹೋದದ್ದು ಹೋಗಲಿ. ಕಲಿತ ಹೆಂಗಸರು ಮಗ್ಗಕ್ಕೆ ಬೀಗ ಬಿದ್ದ ದಿನ ಅಲ್ಲೇ ಜಗಲಿ ಮೇಲೆ ಕೂತಿದ್ದರಲ್ಲ, ಅದು ನಮ್ಮ ಕಣ್ಣಿಂದ ಹೋಗಿಲ್ಲ. ನಮ್ಮ ಮನೆಯವರು ಇವತ್ತಿಗೂ ಆ ಮಾತು ಎತ್ತುವುದಿಲ್ಲ.

ಹೀಗಾಗಿ ಅನುದಾನ ಅಂದ ಕೂಡಲೇ ನಮ್ಮ ಕೈ ಹಿಂದಕ್ಕೆ ಹೋಯಿತು. ಆಮೇಲೆ ಕೂತು ಯೋಚಿಸಿದಾಗ ಒಂದು ಪ್ರಶ್ನೆ ಬಂತು. ಅಲ್ಲಿ ತಪ್ಪಿದ್ದು ಎಲ್ಲಿ? ಮಗ್ಗಕ್ಕೆ ದುಡ್ಡಿತ್ತು, ತರಬೇತಿಗೆ ಇತ್ತು, ವಿನ್ಯಾಸಕರಿಗೆ ಇತ್ತು. ನೂಲು ತರಲು ಕೈಯಲ್ಲಿ ಓಡಾಡುವ ದುಡ್ಡು ಇರಲಿಲ್ಲ, ಕೊಳ್ಳುವವರು ಇರಲಿಲ್ಲ. ಹಾಲಿಗೂ ಬಟ್ಟೆಗೂ ಇರುವ ವ್ಯತ್ಯಾಸ ಇಲ್ಲಿದೆ ನೋಡಿ. ಹಾಲು ಬೆಳಿಗ್ಗೆ ಹಾಕಿದರೆ ಮಧ್ಯಾಹ್ನ ಲಾರಿ ಹತ್ತುತ್ತದೆ, ಬಟವಾಡೆಯ ದಿನ ಖಾತೆಗೆ ದುಡ್ಡು. ಬಟ್ಟೆ ಹಾಗಲ್ಲ. ಬಟ್ಟೆ ತರಿಸಬೇಕು, ಹದ ಮಾಡಬೇಕು, ಬಣ್ಣ ಹಾಕಬೇಕು, ನೆರಳಲ್ಲಿ ಒಣಗಿಸಬೇಕು, ಹೊಲಿಯಬೇಕು, ಅಂಗಡಿಗೆ ಕಳಿಸಬೇಕು. ಅಂಗಡಿಯವರು ಮಾರಾಟವಾದ ಮೇಲೆ ಕೊಡುತ್ತೇವೆ ಅನ್ನುತ್ತಾರೆ. ಇವತ್ತು ಹಾಕಿದ ರೂಪಾಯಿ ತಿರುಗಿ ಬರಲು ನಾಲ್ಕು ತಿಂಗಳು, ಐದು ತಿಂಗಳು. ಅಲ್ಲಿಯವರೆಗೆ ಹೊಲಿದವರಿಗೆ ಕೂಲಿ ಯಾರು ಕೊಡುವುದು?

ಈಗ ಇರುವ ಅನುದಾನಗಳನ್ನೂ ನಾವು ತಾಲ್ಲೂಕು, ಜಿಲ್ಲೆ ಅಂತ ಓಡಾಡಿ ಕೇಳಿಕೊಂಡು ಬಂದೆವು. ಕೇಂದ್ರದ ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮವನ್ನು 2021-22ರಿಂದ 2025-26ರ ಅವಧಿಗೆ ರೂಪಿಸಿದ್ದು. ಅದರಲ್ಲಿ ಒಂದು ಸಣ್ಣ ನೇಕಾರ ಸಮೂಹಕ್ಕೆ 2 ಕೋಟಿ ರೂ.ವರೆಗೆ ನೆರವು. ವಿನ್ಯಾಸಕರನ್ನು ನೇಮಿಸಿಕೊಳ್ಳುವ ಖರ್ಚೂ ಅದರಲ್ಲೇ ಸೇರುತ್ತದೆ. ಮಗ್ಗ, ಉಪಕರಣ ಕೊಳ್ಳಲು ಸರ್ಕಾರದ್ದು ಶೇ. 90, ನೇಕಾರರದ್ದು ಶೇ. 10. ಆದರೆ ಇದು ನೇಯುವವರಿಗೆ. ನಮ್ಮೂರಲ್ಲಿ ಈಗ ಇರುವುದು ಬಣ್ಣ ಹಾಕಿ ಹೊಲಿಯುವವರು. ಸಾಂಪ್ರದಾಯಿಕ ಕೈಗಾರಿಕೆಗಳಿಗೆ ‘ಸ್ಫೂರ್ತಿ’ ಅಂತ ಯೋಜನೆ ಇದೆ, 500 ಕುಶಲಕರ್ಮಿಗಳವರೆಗಿನ ಸಮೂಹಕ್ಕೆ 2.5 ಕೋಟಿ. ಹನ್ನೊಂದು ಜನಕ್ಕೆ ಅದು ದೊಡ್ಡ ಅಂಗಿಯಾಯಿತು.

ನಮಗೆ ಹೊಂದುವಂಥದ್ದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಇದರ ಬಗ್ಗೆ ಊರಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇವೆ. ಇದು ಪುಕ್ಕಟೆ ದುಡ್ಡಲ್ಲ. ಬ್ಯಾಂಕಿನ ಸಾಲ. ಹಳ್ಳಿಯಲ್ಲಿ ಹೆಣ್ಣುಮಗಳು ಘಟಕ ಹಾಕಿದರೆ ಯೋಜನಾ ವೆಚ್ಚದಲ್ಲಿ ಅವಳ ಸ್ವಂತದ್ದು ಶೇ. 5, ಸಹಾಯಧನ ಶೇ. 35, ಬಾಕಿ ಸಾಲ. ಸಹಾಯಧನ ಕೈಗೆ ಬರುವುದಿಲ್ಲ. ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಘಟಕ ನಡೆಯುತ್ತಿದೆ ಅಂತ ನೋಡಿ ಖಾತ್ರಿಯಾದ ಮೇಲೆ ಸಾಲಕ್ಕೆ ಜಮಾ. ಮಧ್ಯೆ ಬಾಗಿಲು ಹಾಕಿದರೆ ಸಹಾಯಧನವೂ ಹೋಯಿತು, ಸಾಲವೂ ಉಳಿಯಿತು. ಇದರ ಅವಧಿಯೂ 2025-26ಕ್ಕೇ ನಿಗದಿಯಾದದ್ದು, ಆದ್ದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಆದೇಶ ನೋಡಿಕೊಂಡೇ ಹಾಕಬೇಕು. ಯಾರೋ ಹೇಳಿದರು ಅಂತ ಏಜೆಂಟರಿಗೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಯೋಜನೆ ಇದ್ದೂ ನೇಯುವವರ ಗತಿ ಏನು? 2019-20ರಲ್ಲಿ ನಡೆದ ನಾಲ್ಕನೇ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಈ ಕಸುಬಿನಲ್ಲಿದ್ದಾರೆ ಅಂತ ಲೆಕ್ಕ ಸಿಕ್ಕಿತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಅನ್ನುವಷ್ಟು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರಕ್ಕೆ ಎರಡರಷ್ಟು ತಿಂಗಳಿಗೆ 5,000 ರೂ.ಗಿಂತ ಕಡಿಮೆ ದುಡಿಯುತ್ತವೆ. ಒಂದು ಒಳ್ಳೆ ಹಸು ಕಟ್ಟಿದ ಮನೆ ಇದಕ್ಕಿಂತ ವಾಸಿ.

ಇಲ್ಲಿ ನಮಗೆ ನಮ್ಮ ಹಾಲಿನ ಚರಿತ್ರೆಯೇ ನೆನಪಾಗುತ್ತದೆ. 1970ರಲ್ಲಿ ಕ್ಷೀರ ಕ್ರಾಂತಿ ಶುರುವಾದಾಗ ಯುರೋಪಿನ ದೇಶಗಳಿಂದ ನಮಗೆ ಹಾಲಿನ ಪುಡಿ, ಬೆಣ್ಣೆ ಎಣ್ಣೆ ದಾನವಾಗಿ ಬಂತು. ಅದನ್ನು ಹಾಗೇ ಹಂಚಿಬಿಟ್ಟಿದ್ದರೆ ಕುಡಿದವರು ಕುಡಿದು ಮುಗಿಯುತ್ತಿತ್ತು. ಹಳ್ಳಿಯ ಹಾಲಿನ ಬೆಲೆಯೂ ಬಿದ್ದುಹೋಗುತ್ತಿತ್ತು. ಡಾ. ವರ್ಗೀಸ್ ಕುರಿಯನ್ ಅವರು ಅದನ್ನು ಹಾಲು ಮಾಡಿ ಪಟ್ಟಣಗಳಲ್ಲಿ ಮಾರಿಸಿ, ಬಂದ ದುಡ್ಡನ್ನು ಡೇರಿ ಕಟ್ಟಲು, ಸಂಘ ಕಟ್ಟಲು ಹಾಕಿಸಿದರು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಆಯಿತು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು. ದಾನ ಬಂದದ್ದು ಯಂತ್ರವಾಯಿತು, ಲಾರಿಯಾಯಿತು, ಇವತ್ತು ನಾವು ಕೂತಿರುವ ಈ ಕಟ್ಟಡದ ತನಕ ಬಂತು.

ಇನ್ನೂ ಹತ್ತಿರದ ಉದಾಹರಣೆ ಪ್ರೋತ್ಸಾಹಧನ. 2008ರಲ್ಲಿ ಲೀಟರಿಗೆ 2 ರೂ. ಇದ್ದದ್ದು 2016ರ ಹೊತ್ತಿಗೆ 5 ರೂ. ಆಯಿತು. ಅದು ಎಷ್ಟೆಷ್ಟು ತಿಂಗಳು ಬಾಕಿ ನಿಂತಿದೆ ಅಂತ ನಾವು ಹೇಳಬೇಕಾಗಿಲ್ಲ, ಸಭೆ ಸಭೆಯಲ್ಲೂ ತಾವು ನಮ್ಮನ್ನು ಬೈದಿದ್ದೀರಿ. ಬೈದಿರಿ, ಆದರೆ ಹಾಲು ಹಾಕುವುದು ನಿಲ್ಲಿಸಲಿಲ್ಲ. ಯಾಕೆ? ಹಾಲಿನ ಬೆಲೆ ಬೇರೆ ಬರುತ್ತಿತ್ತು. ಪ್ರೋತ್ಸಾಹಧನ ಅದರ ಮೇಲಿನದ್ದು. ಏಳು ಮಗ್ಗದ ಯೋಜನೆಯಲ್ಲಿ ಬೆಲೆ ಅನ್ನುವುದೇ ಇರಲಿಲ್ಲ, ಬರೀ ಪ್ರೋತ್ಸಾಹಧನವೇ ಇತ್ತು.

ಈಗಿನದು ಹಾಗಿದೆಯಾ ಅಂತ ಪರೀಕ್ಷೆ ಮಾಡಲು ನಾವು ಆ ಹೆಣ್ಣುಮಗಳ ಲೆಕ್ಕದ ಪುಸ್ತಕ ಕೇಳಿದೆವು. ಸಂಕೋಚಪಡದೆ ಕೊಟ್ಟಳು. ಒಂದು ರೂಪಾಯಿ ಅನುದಾನವಿಲ್ಲದೆ ನಾಲ್ಕು ವರ್ಷ ನಡೆಸಿದ್ದಾಳೆ. ಲಾಭ ದೊಡ್ಡದಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಎರಡು ತಿಂಗಳು ಕೆಲಸವೇ ಇಲ್ಲ. ಆದರೆ ಹೊಲಿದವರಿಗೆ ಕೂಲಿ ಬಾಕಿ ಇಟ್ಟಿಲ್ಲ, ಹಿಂದಿನ ಸಲ ತಗೊಂಡ ಗಿರಾಕಿ ಮತ್ತೆ ತರಿಸಿದ್ದಾರೆ. ಅದನ್ನು ನೋಡಿ ನಮ್ಮ ಮನಸ್ಸು ಅರ್ಧ ತಿರುಗಿತು.

ಇನ್ನರ್ಧ ತಿರುಗಿದ್ದು ಬೇರೆಯವರನ್ನು ತಿಳಿದ ಮೇಲೆ. ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರ ಭೀಮನಕೋಣೆಯ ‘ಚರಕ’ ತಮಗೆ ಗೊತ್ತು. ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಹಳ್ಳಿ ಹೆಂಗಸರನ್ನು ಸೇರಿಸಿ ಕಟ್ಟಿದ ಸಹಕಾರ ಸಂಘ. ಕೈಮಗ್ಗ, ನೈಸರ್ಗಿಕ ಬಣ್ಣ, ಅದರಲ್ಲೂ ನಮ್ಮ ಅಡಿಕೆ ಚೊಗರು. ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ಕೈಯಲ್ಲಿ ಮಾಡಿದ ವಸ್ತುಗಳಿಗೆ ಜಿ.ಎಸ್.ಟಿ. ಬೇಡ ಅಂತ ಪ್ರಸನ್ನ ಅವರು 2017ರಲ್ಲಿ ಉಪವಾಸವನ್ನೂ ಕೂತರು. ಅಂಥ ಸಂಘವೂ 2020ರ ಕೊರೋನಾ ಕಾಲದಲ್ಲಿ ಮಾರಾಟ ನಿಂತು, ನಡೆಸುವುದೇ ಕಷ್ಟ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಪ್ಪತ್ತೈದು ವರ್ಷದ ಅನುಭವ ಇದ್ದವರಿಗೂ ಈ ಕಸುಬಿನಲ್ಲಿ ನೆಲ ಗಟ್ಟಿಯಲ್ಲ, ಅದು ಗೊತ್ತಿದ್ದೇ ಕಾಲಿಡಬೇಕು.

ಕರಾವಳಿಯಲ್ಲಿ ಉಡುಪಿ ಸೀರೆ ಇನ್ನೇನು ಮುಗಿಯಿತು ಅನ್ನುವ ಸ್ಥಿತಿಯಲ್ಲಿತ್ತು. 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಸಿಕ್ಕರೆ ಸೀರೆ ತಾನಾಗಿ ನೇಯುವುದಿಲ್ಲವಲ್ಲ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಮತ್ತು ಕದಿಕೆ ಟ್ರಸ್ಟಿನವರು ಸೇರಿ ಹಳೇ ನೇಕಾರರನ್ನು ಮತ್ತೆ ಮಗ್ಗಕ್ಕೆ ಕೂರಿಸಿದರು, ಹೊಸಬರಿಗೆ ಕಲಿಸಿದರು. ಸೀರೆಯ ಜೊತೆ ನೇಯ್ದವರ ಹೆಸರು, ಭಾವಚಿತ್ರ ಇರುವ ಚೀಟಿ ಇಡುತ್ತಾರೆ. ನಮಗೆ ಅದು ಬಹಳ ಹಿಡಿಸಿತು. ವಿನ್ಯಾಸಕರ ಹೆಸರು ದೊಡ್ಡದಾಗಿ ಹಾಕಿ, ಬಣ್ಣ ಹಾಕಿದ ಹೆಂಗಸರ ಹೆಸರು ಎಲ್ಲೂ ಇಲ್ಲದ ಬಟ್ಟೆ ನಮ್ಮ ಮಹಡಿಯಿಂದ ಇಳಿಯುವುದು ಬೇಡ.

ಹಾಗಾದರೆ ಕೋಣೆ ಕೊಡೋಣವೇ? ನಮ್ಮ ಅಭಿಪ್ರಾಯ, ಕೊಡೋಣ, ಆದರೆ ಕೆಲವು ಮಾತು ಮೊದಲೇ ಆಗಲಿ. ಆ ಹನ್ನೊಂದು ಜನ ತಮ್ಮದೇ ಸಂಘ ನೋಂದಾಯಿಸಿಕೊಳ್ಳಲಿ. 1959ರ ಸಹಕಾರ ಕಾಯ್ದೆಯಲ್ಲಾದರೂ ಸರಿ, 1997ರ ಸೌಹಾರ್ದ ಕಾಯ್ದೆಯಲ್ಲಾದರೂ ಸರಿ. ಅನುದಾನ, ಸಾಲ ಯಾವುದೇ ಬಂದರೂ ಆ ಸಂಘದ ಹೆಸರಿಗೆ ಬರುವ ದಾರಿ ಮೊದಲು ಹುಡುಕಲಿ. ವಿನ್ಯಾಸಕಿಯಾಗಿ ಆ ಹೆಣ್ಣುಮಗಳಿಗೆ ಸಂಬಳ ಇರಲಿ, ಒಳ್ಳೆಯ ಸಂಬಳವೇ ಇರಲಿ. ಪುಕ್ಕಟೆ ದುಡಿಯುವವರು ಹೆಚ್ಚು ದಿನ ಉಳಿಯುವುದಿಲ್ಲ. ಈ ಮಾತು ಹೇಳಿದಾಗ ಅವಳೇ ಒಪ್ಪಿದಳು. “ನಾನು ಮದುವೆಯಾಗಿ ಹೋದರೂ ಕೆಲಸ ನಿಲ್ಲಬಾರದಲ್ಲ ಮಾವ” ಅಂದಳು. ನಮಗೆ ಆ ಕ್ಷಣ ಜಗಲಿ ಮೇಲೆ ಕೂತಿದ್ದ ಆ ಹೆಂಗಸರು ನೆನಪಾದರು.

ನಮ್ಮ ಸಂಘದ ದುಡ್ಡು ಹಾಕುವ ಮಾತಿಲ್ಲ. ಬೈಲಾದಲ್ಲಿ ಅದಕ್ಕೆ ಜಾಗವೂ ಇಲ್ಲ, ಯಾರೂ ಗಾಬರಿಯಾಗಬೇಡಿ. ಹಾಲಿನ ದುಡ್ಡು ಹಾಲಿಗೇ. ಬಾಡಿಗೆ ಮೊದಲ ವರ್ಷ ಕಡಿಮೆ, ಆಮೇಲೆ ಊರಿನ ದರ.

ಇನ್ನೊಂದು ವಿಷಯಕ್ಕೆ ನಾವು ಹಟ ಹಿಡಿಯುತ್ತೇವೆ. ಸೌದೆ. ಪರಿಸರಕ್ಕೆ ಒಳ್ಳೆಯ ಬಟ್ಟೆ ಅಂತ ಹೇಳಿಕೊಂಡು ಸೊಪ್ಪಿನ ಬೆಟ್ಟದ ಮರ ಕಡಿದು ಹಂಡೆ ಕಾಸಿದರೆ ಅದು ಯಾವ ಸುಸ್ಥಿರ? ಅಡಿಕೆ ಬೇಯಿಸಲು ನಾವೇ ಬೇಕಾದಷ್ಟು ಸುಡುತ್ತೇವೆ, ಅದೂ ಸತ್ಯ. ನಮ್ಮ ಸಲಹೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯಿಂದಲೇ ಬಿಸಿ ಚೊಗರು ತೆಗೆದು, ಆ ಹೊತ್ತಿಗೇ ಬಣ್ಣದ ಕೆಲಸ ಮಾಡಿಕೊಳ್ಳುವುದು. ಬಾಕಿ ದಿನಕ್ಕೆ ಗೋಬರ್ ಗ್ಯಾಸ್. ಪಟಿಕದ ನೀರು, ಕಬ್ಬಿಣದ ನೀರು ತೋಟದ ಕಾಲುವೆಗೆ ಬಿಡಬಾರದು, ಪ್ರತ್ಯೇಕ ಗುಂಡಿ ಆಗಲೇಬೇಕು. ಕೆಳಗೆ ಹಾಲು ಇರುವ ಜಾಗ, ಮೇಲಿನಿಂದ ಒಂದು ಹನಿ ಸೋರಬಾರದು. ಅದಕ್ಕೇ ಬಣ್ಣದ ಕೆಲಸ ಹಿತ್ತಿಲಲ್ಲೇ ಇರಲಿ, ಮಹಡಿಯಲ್ಲಿ ಹೊಲಿಗೆ, ದಾಸ್ತಾನು ಮಾತ್ರ.

ಚೊಗರಿಗೆ ಬೆಲೆ ಎಷ್ಟು ಅಂತ ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದೀರಿ. ಚೊಗರು ಕೊಳ್ಳುವ ವ್ಯಾಪಾರಿಗಳು ಈಗಲೂ ಇದ್ದಾರೆ, ಅವರ ದರಕ್ಕೆ ಕಡಿಮೆ ಕೊಡುವುದಿಲ್ಲ ಅಂತ ಅವಳು ಹೇಳಿದ್ದಾಳೆ. ಹಾಲು ತರುವಾಗಲೇ ತರಬಹುದು. ಆದರೆ ದಯವಿಟ್ಟು ಕ್ಯಾನು ಬೇರೆ ಇರಲಿ. ಹಾಲಿನ ಕ್ಯಾನಿನಲ್ಲಿ ಚೊಗರು ತಂದವರ ಹಾಲನ್ನು ಆ ವಾರ ತೆಗೆದುಕೊಳ್ಳುವುದಿಲ್ಲ ಅಂತ ಕಾರ್ಯದರ್ಶಿಯವರು ಈಗಲೇ ಹೇಳಿಬಿಡಿ ಅಂದಿದ್ದಾರೆ, ಹೇಳಿದ್ದೇವೆ.

ಕೊಡಬಹುದಾದವರು ಹೆಸರು, ಅಂದಾಜು ಎಷ್ಟು ಲೀಟರ್ ಅನ್ನುವುದನ್ನು ಡೇರಿಯ ಕಿಟಕಿ ಪಕ್ಕ ಇಟ್ಟಿರುವ ಪುಸ್ತಕದಲ್ಲಿ ಬರೆಯಿರಿ. ಮೊದಲ ಹೆಸರು ನಮ್ಮ ಮನೆಯವರದ್ದು. ನಾವು ಬರೆಸಿದ್ದಲ್ಲ, ನಿನ್ನೆ ಸಂಜೆ ಹಾಲು ಹಾಕಲು ಬಂದಾಗ ಅವರೇ ಬರೆದು ಹೋಗಿದ್ದಾರೆ. ಹೊಲಿಗೆಗೂ ಬರುತ್ತೇನೆ ಅಂತ ಪಕ್ಕದಲ್ಲಿ ಬರೆದಿದ್ದಾರೆ. ಮಹಾಸಭೆಯಲ್ಲಿ ಏನು ತೀರ್ಮಾನ ಆಗುತ್ತದೋ ಆಗಲಿ, ಬಂದು ಮಾತಾಡಿ, ವಿರೋಧ ಇದ್ದರೆ ಅಲ್ಲೇ ಹೇಳಿ. ಊಟದ ಹೊತ್ತಾಯಿತು, ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು.